ಕೆಂಚ ಮೈಮೇಲೆ ಬಂದದ್ದು ಯಾಕೆ: ಹಿತ್ತಲಿನ ಹುಂಜದ ಜೊತೆ ಒಂದು ತಿಂಗಳು

ಜೂನ್ 9
ನಮ್ಮ ಹೇಂಟೆ ಬೂದಿಯನ್ನು ಕಾವಿಗೆ ಕೂರಿಸಿ ಇವತ್ತಿಗೆ 21 ದಿನ. 11 ಮೊಟ್ಟೆಯಲ್ಲಿ 9 ಮರಿ ಹೊರಬಂದವು. ಎರಡು ಒಡೆಯಲೇ ಇಲ್ಲ. ಎಲ್ಲ ಜವಾರಿ. ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದಿದೆ, ಗೂಡಿನ ಮೇಲೆ ಹಳೆ ತಾಡಪತ್ರಿ ಹೊದಿಸಿದೆ.

ನಮ್ಮ ಹುಂಜ ಕೆಂಚನಿಗೆ ಈಗಷ್ಟೇ ವರ್ಷ ತುಂಬಿದೆ. ಮರಿಗಳನ್ನು ನೋಡುತ್ತಿರುವುದು ಇದೇ ಮೊದಲು. ಗೂಡಿನ ಬಾಗಿಲಿಗೆ ಬಂದ, ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡಿದ, ಹೋದ. ಮರಿ ಸಾಕುವುದೆಲ್ಲ ತಾಯಿಯ ಕೆಲಸ, ಇವನಿಗೇನು ಅಂದುಕೊಂಡೆ.

ಜೂನ್ 13
ಒಂದು ಮರಿಗೆ ಹಿಂದೆ ಹಿಕ್ಕೆ ಅಂಟಿ ಗಟ್ಟಿಯಾಗಿತ್ತು. ಹಾಗೇ ಬಿಟ್ಟರೆ ಸಾಯುತ್ತದೆ. ಬೆಚ್ಚನೆ ನೀರಲ್ಲಿ ಅರಿವೆ ಅದ್ದಿ ಒರೆಸೋಣ ಅಂತ ಎತ್ತಿಕೊಂಡೆ. ಮರಿ ಚೀಂ ಚೀಂ ಅಂತ ಕಿರುಚಿತು. ಅಷ್ಟರಲ್ಲೇ ಹಿಂದಿನಿಂದ ಮೀನಖಂಡಕ್ಕೆ ಏಟು ಬಿತ್ತು. ಕೆಂಚ ಎರಡೂ ಕಾಲು ಮುಂದೆ ಚಾಚಿ ಹಾರಿದ್ದ. ಕಾಲಿನ ಮುಳ್ಳು ಪ್ಯಾಂಟ್ ಹರಿದು ಚರ್ಮಕ್ಕೆ ಇಳಿದಿತ್ತು. ಸೋಪು ಹಚ್ಚಿ ತೊಳೆದು, ಟಿಟಿ ಇಂಜೆಕ್ಷನ್ ಮಾಡಿಸಿಕೊಂಡು ಬಂದೆ. ಹುಂಜದ ಮುಳ್ಳು ಮಣ್ಣು, ತಿಪ್ಪೆ ಎಲ್ಲ ಕೆದರುವ ಕಾಲಿನದು. ಸಣ್ಣ ಗಾಯ ಅಂತ ಯಾರೂ ಸುಮ್ನೆ ಬಿಡಬೇಡಿ.

ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದ್ದಳು. "ಐತಾರ ಇದನ್ನ ಕೊಯ್ದು ಸಾರು ಮಾಡೂಣು. ಕೂಸಿನ ಕಣ್ಣಿಗೆ ಹಾರಿದ್ರ ಏನ್ ಮಾಡ್ತೀಯಪಾ?"

ಅವಳ ಮಾತು ತಳ್ಳಿಹಾಕುವಂಥದ್ದಲ್ಲ. ಹುಂಜ ಹಾರುವ ಎತ್ತರಕ್ಕೂ ಆರು ವರ್ಷದ ಮಗಳ ಮುಖಕ್ಕೂ ಜಾಸ್ತಿ ಅಂತರವಿಲ್ಲ. ಒಂದು ತಿಂಗಳು ಟೈಮ್ ಕೇಳಿದೆ. ಅಲ್ಲಿವರೆಗೆ ಮಗಳು ಒಬ್ಬಳೇ ಹಿತ್ತಲಿಗೆ ಇಳಿಯುವ ಹಾಗಿಲ್ಲ.

ಜೂನ್ 15
ಎರಡು ದಿನ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಕಟ್ಟೆ ಮೇಲೆ ಕೂತು ಬರೆದುಕೊಂಡೆ. ಮರಿಗಳ ಪಕ್ಕದಲ್ಲೇ ನಡೆದುಹೋದರೂ ಕೆಂಚ ಏನೂ ಮಾಡುವುದಿಲ್ಲ. ನಾನು ಬಗ್ಗಿದರೆ ತಲೆ ಎತ್ತುತ್ತಾನೆ. ಕೈ ಮೇಲಿನಿಂದ ಕೆಳಗಿಳಿದರೆ ಕತ್ತಿನ ಪುಕ್ಕ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ತಲೆ ತಗ್ಗಿಸಿ, ಕಾಳಿಲ್ಲದ ಜಾಗದಲ್ಲಿ ಸುಮ್ನೆ ನೆಲ ಕುಕ್ಕುತ್ತಾನೆ. ಮೇಯುತ್ತಿದ್ದಾನೆ ಅಂತ ಅನ್ನಿಸುತ್ತದೆ, ಆದರೆ ಅದು ಏಟಿಗೆ ಮುಂಚಿನ ಗುರುತು. ಮರಿ ಕಿರುಚಿದರೆ ಇಷ್ಟೂ ಹಂತ ಇಲ್ಲ, ನೇರವಾಗಿ ಬರುತ್ತಾನೆ.

ಇನ್ನೊಂದು. ಅವ್ವ ಕಸ ಹೊಡೆಯುವಾಗ ಅವನು ಹಾರಿದ್ದು ಕಸಬರಿಗೆಯ ಮೇಲೆ, ಅವ್ವನ ಮೇಲಲ್ಲ. ನೆಲಮಟ್ಟದಲ್ಲಿ ಮರಿಗಳ ಹತ್ತಿರ ಜೋರಾಗಿ ಸರಿದಾಡುವ ಯಾವುದಾದರೂ ಅವನಿಗೆ ಬೆಕ್ಕೋ ಮುಂಗುಸಿಯೋ ಇದ್ದ ಹಾಗೆ ಅಂತ ನನ್ನ ಅಂದಾಜು.

ಜೂನ್ 16
ಏಳನೇ ದಿನ. ಕೋಳಿಗಳಿಗೆ ಬರುವ ಕೊಕ್ಕರೆ ರೋಗ (ರಾಣಿಖೇತ್) ತಡೆಯುವ ಲಸೋಟಾ ಲಸಿಕೆ ಹಾಕಲೇಬೇಕು. 9 ಮರಿಗಳನ್ನೂ ಒಂದೊಂದಾಗಿ ಹಿಡಿದು ಕಣ್ಣಿಗೆ ಹನಿ ಬಿಡಬೇಕು. ಹಗಲಲ್ಲಿ ಈ ಕೆಲಸ ಆಗುವುದಿಲ್ಲ ಅಂತ ಗೊತ್ತಿತ್ತು, ಹಾಗಾಗಿ ಕತ್ತಲಾಗಲಿ ಅಂತ ಕಾದೆ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಬಹಳ ಕಡಿಮೆ. ಮಂದ ಟಾರ್ಚ್ ಹಿಡಿದು ಬೂದಿಯ ರೆಕ್ಕೆಯಡಿ ಕೈ ಹಾಕಿದೆ. ಮರಿಗಳು ಬೆಚ್ಚಗೆ, ಅರೆನಿದ್ದೆಯಲ್ಲಿದ್ದವು. ಒಂದೆರಡು ಕುಂಯ್ ಅಂದವು ಅಷ್ಟೆ. ಅಡ್ಡಗೋಲಿನ ಮೇಲಿದ್ದ ಕೆಂಚ ಗಂಟಲಲ್ಲೇ ಗೊರಗೊರ ಅಂದ, ಇಳಿಯಲಿಲ್ಲ. ಮರಿ ಮುಟ್ಟುವ ಕೆಲಸ ಇನ್ನು ಮೇಲೆ ರಾತ್ರಿಗೇ.

ಜೂನ್ 22
ಇವತ್ತಿನದನ್ನು ಬರೆಯಲು ಮಧ್ಯಾಹ್ನದಿಂದ ಕಾಯುತ್ತಿದ್ದೆ.

ಮಳೆ ನಿಂತು ಬಿಸಿಲು ಬಿದ್ದಿತ್ತು. ಬೂದಿ ಕರಿಬೇವಿನ ಗಿಡದ ಬುಡ ಕೆದರುತ್ತಿದ್ದಳು, ಮರಿಗಳೆಲ್ಲ ಬಯಲಲ್ಲಿ. ಕೆಂಚ ಇದ್ದಕ್ಕಿದ್ದಂತೆ ಒಂದು ಕಣ್ಣು ಆಕಾಶಕ್ಕೆ ತಿರುಗಿಸಿ ಕಲ್ಲಾದ. ಆಮೇಲೆ ಬಂದ ದನಿ ಅವನ ಬಾಯಿಂದ ನಾನು ಹಿಂದೆ ಕೇಳಿರಲಿಲ್ಲ. ತೆಳ್ಳಗೆ, ಉದ್ದಕ್ಕೆ ಎಳೆದ ಸಿಳ್ಳೆಯಂಥ ಕೂಗು. ಕೂಗು ಮುಗಿಯುವ ಮೊದಲೇ ಮರಿಗಳು ಗಿಡದ ಬುಡ ಸೇರಿದ್ದವು. ತಲೆ ಎತ್ತಿದೆ. ತೆಂಗಿನ ಮರದ ಮೇಲಿಂದ ಹದ್ದು ದಾಟಿ ಹೋಗುತ್ತಿತ್ತು.

ನಾಯಿ ಬಂದಾಗ ಕೆಂಚ ಹೀಗೆ ಕೂಗುವುದಿಲ್ಲ. ಕೊಕ್ ಕೊಕ್ ಕೊಕ್ಕೋಕ್ ಅಂತ ಓಣಿಗೇ ಕೇಳುವ ಹಾಗೆ ಗದ್ದಲ ಎಬ್ಬಿಸುತ್ತಾನೆ. ಆಗ ಕೋಳಿಗಳು ಅಡಗುವುದಿಲ್ಲ, ಕತ್ತು ನಿಗುರಿಸಿ ಸುತ್ತ ನೋಡುತ್ತವೆ. 1993ರಲ್ಲಿ ವಿಜ್ಞಾನಿಗಳಾದ ಕ್ರಿಸ್ ಇವಾನ್ಸ್, ಪೀಟರ್ ಮಾರ್ಲರ್ ಮತ್ತು ಜೊತೆಗಾರರು ಇದನ್ನೇ ಪ್ರಯೋಗ ಮಾಡಿ ತೋರಿಸಿದ್ದರು. ಹದ್ದೂ ಇಲ್ಲ, ನಾಯಿಯೂ ಇಲ್ಲ, ಬರೀ ರೆಕಾರ್ಡ್ ಮಾಡಿದ ಕೂಗು ಕೇಳಿಸಿದರೂ ಹೇಂಟೆಗಳು ಎರಡಕ್ಕೂ ಬೇರೆಬೇರೆ ರೀತಿಯಲ್ಲೇ ನಡೆದುಕೊಂಡವು. ಓದಿದ್ದು ಬೇರೆ, ನಮ್ಮ ಕರಿಬೇವಿನ ಬುಡದಲ್ಲೇ ನೋಡಿದ್ದು ಬೇರೆ, ಅಲ್ವಾ?

ಆವತ್ತು ಮೇಲಿನಿಂದ ಇಳಿದ ನನ್ನ ಕೈ, ಅದರೊಳಗೆ ಕಿರುಚುವ ಮರಿ. ಅವನು ಬೇರೆ ಏನು ಮಾಡಬೇಕಿತ್ತು?

ಜುಲೈ 2
ಹೊಸ ಪದ್ಧತಿ ಹತ್ತು ದಿನದಿಂದ ನಡೆದಿದೆ. ಹಿತ್ತಲಿಗೆ ಇಳಿಯುವಾಗ ಮೊದಲು ಮಾತಾಡುತ್ತೇನೆ. ಜೋಳದ ನುಚ್ಚು ಮರಿಗಳಿಗಲ್ಲ, ಕೆಂಚನ ಮುಂದೆ ಚೆಲ್ಲುತ್ತೇನೆ. ಅವನು ತಿನ್ನುವುದಿಲ್ಲ. ಒಂದು ಕಾಳು ಎತ್ತುತ್ತಾನೆ, ಬೀಳಿಸುತ್ತಾನೆ, ಟುಕ್ ಟುಕ್ ಟುಕ್ ಅನ್ನುತ್ತಾನೆ. ಬೂದಿ ಬರುತ್ತಾಳೆ, ಅವಳ ಹಿಂದೆ ಮರಿಗಳು. ಎಲ್ಲ ಮೇಯಲು ಶುರು ಮಾಡಿದ ಮೇಲೆ ಅವನ ಪಾಳಿ.

ಮೊನ್ನೆ ಒಂದು ರೆಕ್ಕೆ ಇಳಿಬಿಟ್ಟು ಅಡ್ಡಡ್ಡ ಹೆಜ್ಜೆ ಹಾಕುತ್ತ ನನ್ನ ಸುತ್ತ ಬಂದ. ಹೇಂಟೆಯ ಮುಂದೆ ಈ ಕುಣಿತ ಪ್ರೀತಿಗೆ, ಮನುಷ್ಯರ ಮುಂದೆ ಜಗಳಕ್ಕೆ. ಒದೆಯಲಿಲ್ಲ, ಓಡಲಿಲ್ಲ. ಒದ್ದರೆ ಕಾಳಗ ಶುರುವಾದ ಹಾಗೆ, ಓಡಿದರೆ ಅವನು ಗೆದ್ದ ಹಾಗೆ. ನಿಂತೆ, ಆಮೇಲೆ ನಿಧಾನಕ್ಕೆ ನನ್ನ ದಾರಿಯಲ್ಲೇ ಮುಂದೆ ನಡೆದೆ. ಅವನು ಪಕ್ಕಕ್ಕೆ ಸರಿದ.

ಜುಲೈ 7
ಬೆಳಿಗ್ಗೆ ಮುಂಗುಸಿ ಒಂದು ಮರಿ ಒಯ್ದಿತು. ಕೆಂಚ ಕೂಗಿದ್ದು ಕೇಳಿ ಓಡಿದೆ. ಬೇಲಿ ಹತ್ತಿರ ಅವನ ಎರಡು ಕೆಂಪು ಪುಕ್ಕ ಬಿದ್ದಿದ್ದವು. ಈಗ 8.

ಜುಲೈ 13
ಗಡುವು ಮುಗಿಯಿತು. ಸಾರಿನ ಮಾತು ಅವ್ವ ಎತ್ತಲಿಲ್ಲ. ಸಂಜೆ ತಾನೇ ನುಚ್ಚಿನ ಡಬ್ಬಿ ಹಿಡಿದು ಇಳಿದಳು. "ಬಾರೋ ಕೆಂಚಾ, ನಿನ್ನ ಮಂದೀನ ಕರಿ" ಅಂದಳು. ಮಗಳು ನನ್ನ ಕೈ ಹಿಡಿದೇ ಇಳಿಯುತ್ತಾಳೆ, ಅದು ಬದಲಾಗುವುದಿಲ್ಲ.

8 ಮರಿಗಳಲ್ಲಿ ಮೂರಕ್ಕೆ ಜುಟ್ಟು ಆಗಲೇ ಕೆಂಪಾಗಿದೆ. ಮೂರೂ ಹುಂಜ ಇರಬೇಕು. ಇವು ಬಲಿತ ಮೇಲೆ ಕೆಂಚ ಹೇಗೆ ನಡೆದುಕೊಳ್ಳುತ್ತಾನೋ ನೋಡಬೇಕು. ನಾಳೆ ಬೇಲಿಯ ಬುಡಕ್ಕೆ ಜಾಳಿಗೆ ಕಟ್ಟುತ್ತೇನೆ, ಮುಂಗುಸಿ ನುಗ್ಗಿದ ಕಿಂಡಿಯಿಂದಲೇ ಶುರು.