ಸ್ಮಾರ್ಟ್ ಕ್ಲಾಸನ್ನು ಮೂರನೆಯ ಮಳೆಗಾಲದಲ್ಲಿ ನೋಡಬೇಕು

ಮಡಿಕೇರಿ ತಾಲ್ಲೂಕಿನಲ್ಲಿ ಸಿ.ಆರ್.ಪಿ.ಯಾಗಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಎಂದರೆ ಸುತ್ತಲಿನ ಶಾಲೆಗಳ ಶಿಕ್ಷಕರಿಗೆ ನೆರವಾಗುವವನು) ಶಾಲೆಯಿಂದ ಶಾಲೆಗೆ ಹೋಗುವ ಕೆಲಸದಲ್ಲಿ ನಾನು ಕಂಡುಕೊಂಡದ್ದೇನೆಂದರೆ, ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರಿನಂಥ ಹೊಸ ಉಪಕರಣವೊಂದು ತರಗತಿಗೆ ಒಗ್ಗಿತೇ ಇಲ್ಲವೇ ಎಂಬುದನ್ನು ಅದು ಬಂದ ವರ್ಷವೇ ಹೇಳಲಾಗದು. ವಾರಂಟಿ ಮುಗಿದು, ತರಬೇತಿ ಪಡೆದ ಶಿಕ್ಷಕರಿಗೆ ವರ್ಗಾವಣೆಯಾಗಿ, ಯುಪಿಎಸ್ ಬ್ಯಾಟರಿ ಸೋತ ಮೇಲೂ ಅದರಿಂದ ಪಾಠ ನಡೆಯುತ್ತಿದ್ದರೆ ಒಗ್ಗಿದೆ ಎನ್ನಬಹುದು. ನಮ್ಮ ಕೊಡಗಿನಲ್ಲಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯೇ ದೊಡ್ಡ ಪರೀಕ್ಷಕ. ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಅದರ ಹಿಂದೆಯೇ ಹೋಗುತ್ತದೆ, ಬೀರುವಿನಲ್ಲಿಟ್ಟ ಪ್ರೊಜೆಕ್ಟರಿನ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ದಾಸ್ತಾನು ವಹಿಯಲ್ಲಿ ಮಾತ್ರ ಅದು ಮೊದಲಿನಂತೆಯೇ ‘ಒಂದು’ ಎಂದಿರುತ್ತದೆ.

ಇದು ಇಂದಿನ ಸಮಸ್ಯೆಯಲ್ಲ. ಇಸ್ರೊ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಪಾಠಗಳನ್ನು ನಮ್ಮ ರಾಜ್ಯದಲ್ಲಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಪಡೆದವು. 2010ಕ್ಕೆ ಉಪಗ್ರಹದ ಸೇವೆ ಮುಗಿಯಿತು. ಪಾಠದ ಗುಣ ಹೇಗೇ ಇರಲಿ, ಪ್ರಸಾರದ ವೇಳೆ ಶಿಕ್ಷಕರ ಕೈಯಲ್ಲಿರಲಿಲ್ಲ. ತರಗತಿ ಮೂರನೆಯ ಪಾಠದಲ್ಲಿದ್ದಾಗ ಪರದೆಯಲ್ಲಿ ಐದನೆಯದು ಬಂದರೆ ಅದನ್ನು ನಿಲ್ಲಿಸಿಕೊಳ್ಳುವ ದಾರಿಯಿಲ್ಲ. 2017ರಲ್ಲಿ ಬಂದ, ಶಾಲಾ ಪಾಠಗಳ ಸರ್ಕಾರಿ ಆ್ಯಪ್ ಆದ ದೀಕ್ಷಾದ ವಿಡಿಯೊಗಳನ್ನಾದರೆ ಶಿಕ್ಷಕರು ನೆಟ್‌ವರ್ಕ್ ಇರುವ ಪೇಟೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು, ಬೇಕಾದ ದಿನ, ಬೇಕಾದಷ್ಟು ಮಾತ್ರ ತೋರಿಸುತ್ತಾರೆ. ನಮ್ಮ ಬೆಟ್ಟದ ಶಾಲೆಗಳಲ್ಲಿ ಅದು ಉಳಿದುಕೊಂಡಿದ್ದರೆ ಈ ಅನುಕೂಲದಿಂದಲೇ ಎಂದು ನನ್ನ ಅಂದಾಜು.

ಎಷ್ಟು ಗಂಟೆ ಬಳಸಿದಿರಿ ಎಂಬ ಪ್ರಶ್ನೆಯನ್ನು ನಾನು ಈಗ ಮೊದಲು ಕೇಳುವುದಿಲ್ಲ. ಒಂದು ಶಾಲೆಯಲ್ಲಿ ಪೂರ್ತಿ ಅವಧಿ ಅನಿಮೇಷನ್ ಪಾಠ ಓಡುತ್ತಿತ್ತು. ಮಕ್ಕಳು ಸದ್ದಿಲ್ಲದೆ ನೋಡುತ್ತಿದ್ದರು, ಶಿಕ್ಷಕರು ಅಂಕಪಟ್ಟಿ ತುಂಬುತ್ತಿದ್ದರು. ಇನ್ನೊಂದು ಕಡೆ ಶಿಕ್ಷಕಿಯೊಬ್ಬರು ಹೃದಯದ ಕವಾಟ ತೆರೆದು ಮುಚ್ಚುವುದನ್ನಷ್ಟೇ ಎರಡು ಸಲ ತೋರಿಸಿ, ಪ್ರೊಜೆಕ್ಟರ್ ಆರಿಸಿ, ರಕ್ತ ಹಿಂದಕ್ಕೆ ಹರಿಯದಿರುವುದು ಏಕೆಂದು ಕೇಳುತ್ತ ಕಪ್ಪುಹಲಗೆಯಲ್ಲಿ ಚಿತ್ರವನ್ನು ಮಕ್ಕಳಿಂದಲೇ ಬರೆಸಿದರು. ಗಂಟೆಯ ಲೆಕ್ಕದಲ್ಲಿ ಮೊದಲನೆಯ ಶಾಲೆಯೇ ಮುಂದು. ಆದರೆ ಉಪಕರಣವನ್ನು ತನ್ನದಾಗಿಸಿಕೊಂಡದ್ದು ಎರಡನೆಯದು. ಆದ್ದರಿಂದ ‘ಇದನ್ನು ನಾಳೆ ತೆಗೆದುಕೊಂಡು ಹೋದರೆ ನಿಮ್ಮ ಯಾವ ಪಾಠಕ್ಕೆ ತೊಂದರೆಯಾಗುತ್ತದೆ?’ ಎಂದು ಕೇಳುತ್ತೇನೆ. ಪಾಠದ ಹೆಸರು ತಟ್ಟನೆ ಬಂದರೆ ಸಾಕು. ‘ಎಲ್ಲದಕ್ಕೂ ಉಪಯೋಗವಾಗುತ್ತದೆ ಸರ್’ ಎಂದರೆ ಬೀರುವಿನ ಬೀಗದ ಕೈ ಯಾರ ಹತ್ತಿರವಿದೆ ಎಂದು ವಿಚಾರಿಸುತ್ತೇನೆ. ಕೆಲವು ಸಲ ಅದು ವರ್ಗಾವಣೆಯಾದವರ ಜೊತೆಗೇ ಹೋಗಿರುತ್ತದೆ.

ದಾನಿಗಳು ಉಪಕರಣ ಕೊಡಲು ಬಂದಾಗ ಎರಡು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯುವಂತೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಹೇಳುತ್ತಿದ್ದೇನೆ: ಬ್ಯಾಟರಿ ಬದಲಿಸುವ ಖರ್ಚು ಯಾರದು ಮತ್ತು ಕನಿಷ್ಠ ಇಬ್ಬರು ಶಿಕ್ಷಕರಿಗೆ ತರಬೇತಿ ಯಾವಾಗ. ಉದ್ಘಾಟನೆಗೆ ಉತ್ಸಾಹ ತೋರುವ ಕೆಲವರು ಬ್ಯಾಟರಿಯ ಮಾತಿಗೆ ಹಿಂಜರಿಯುತ್ತಾರೆ. ಅಂಥಲ್ಲಿ ಪ್ರೊಜೆಕ್ಟರ್ ಬೇಡ, ವಿಜ್ಞಾನ ಪ್ರಯೋಗದ ಸಾಮಗ್ರಿಯನ್ನೇ ಕೊಡಿ ಎಂದು ಕೇಳುವಂತೆ ಮುಖ್ಯ ಶಿಕ್ಷಕರಿಗೆ ಸೂಚಿಸುತ್ತೇನೆ.