ಲೋವೆಲ್‌ನ ಮಗ್ಗದ ಮನೆಯಲ್ಲಿ ಅಪ್ಪ

ಬಾಗಿಲು ತೆಗೆದ ಕೂಡಲೇ ಅಪ್ಪ ನಿಂತುಬಿಟ್ಟ. ಒಳಗಿನಿಂದ ಬಂದ ಸದ್ದು ಎದೆಗೆ ಬಡಿಯುವಂಥದ್ದು. ಬಾಗಿಲ ಬಳಿ ಕಿವಿಗೆ ಹಾಕಿಕೊಳ್ಳುವ ಬಿರಡೆಗಳನ್ನು ಇಟ್ಟಿದ್ದರು. ನಾನು ಎರಡು ತೆಗೆದು ಕೊಟ್ಟರೆ ಅಪ್ಪ ಕೈ ಅಡ್ಡ ಹಿಡಿದ. "ಬ್ಯಾಡವಾ. ನಾ ಈ ಸಪ್ಪಳದಾಗ ಮಕ್ಕೊಂಡು ಎದ್ದಾಂವ."

ಬಾಸ್ಟನ್‌ನಿಂದ ವಾಯವ್ಯಕ್ಕೆ ನಲವತ್ತು ಕಿಲೋಮೀಟರ್‌ಗೂ ತುಸು ಹೆಚ್ಚು ದೂರದಲ್ಲಿರುವ ಲೋವೆಲ್ ಎಂಬ ಊರು ಅದು. ಮೆರಿಮ್ಯಾಕ್ ನದಿಯ ದಂಡೆಯಲ್ಲಿ 1835ರಲ್ಲಿ ಶುರುವಾದ ಬೂಟ್ ಕಾಟನ್ ಮಿಲ್ಸ್ ಈಗ ವಸ್ತುಸಂಗ್ರಹಾಲಯ. ಅದರ ನೆಲಮಹಡಿಯ ಮಗ್ಗದ ಮನೆಯಲ್ಲಿ ಸಾಲಾಗಿ 80ಕ್ಕೂ ಹೆಚ್ಚು ಮಗ್ಗಗಳಿವೆ. ಎಲ್ಲವನ್ನೂ ಒಟ್ಟಿಗೆ ಓಡಿಸುವುದಿಲ್ಲ. ಕೆಲವನ್ನೇ ಓಡಿಸಿದರೂ ಮಾತು ಕೇಳುವುದಿಲ್ಲ. ಇವು ಆ ಕಾಲದ ಮಗ್ಗಗಳಲ್ಲ, ಸುಮಾರು ನೂರು ವರ್ಷ ಹಿಂದಿನವು. ಆದರೂ ಹಾಸು, ಹೊಕ್ಕು, ಓಡುವ ಲಾಳಿ ಎಲ್ಲಾ ಅವೇ.

ನಮ್ಮದು ಬನಹಟ್ಟಿ. ಅಪ್ಪ ಮೂವತ್ತು ವರ್ಷ ಬೇರೆಯವರ ಪವರ್‌ಲೂಮ್‌ನಲ್ಲಿ ಸೀರೆ ನೇಯ್ದವನು. ನಮ್ಮ ಓಣಿಯಲ್ಲಿ ಮಗ್ಗದ ಸದ್ದು ನಿಲ್ಲುತ್ತಿದ್ದುದು ಕರೆಂಟ್ ಹೋದಾಗ ಮಾತ್ರ, ಸದ್ದು ನಿಂತರೆ ನನಗೆ ಎಚ್ಚರವಾಗುತ್ತಿತ್ತು. ಈಗ ಅಪ್ಪನಿಗೆ ಬಲಗಿವಿ ಸರಿಯಾಗಿ ಕೇಳಿಸುವುದಿಲ್ಲ. ಇಲ್ಲಿಗೆ ಬಂದು ಮೂರು ವಾರ ಮನೆಯಲ್ಲೇ ಕೂತು ಬೇಸತ್ತಿದ್ದ. ಅವನನ್ನು ಮಗ್ಗ ಇರುವ ಕಡೆ ಕರೆದುಕೊಂಡು ಹೋಗಬೇಕು ಅನ್ನಿಸಿ, ಅಕ್ಟೋಬರಿನ ಒಂದು ಶನಿವಾರ ಹೊರಟಿದ್ದೆವು.

ಅಪ್ಪ ಒಂದು ಮಗ್ಗದ ಮುಂದೆ ಹತ್ತು ನಿಮಿಷ ನಿಂತಿದ್ದ. ಕಣ್ಣು ಬಟ್ಟೆಯ ಮೇಲಿರಲಿಲ್ಲ, ಲಾಳಿಯ ಹಿಂದೆ ಓಡಾಡುತ್ತಿತ್ತು. ಅದನ್ನು ಗಮನಿಸಿದ ಅಲ್ಲಿನ ಹಿರಿಯ ಕೆಲಸಗಾರರು, ಇವರು ನೇಕಾರರೇ ಎಂದು ನನ್ನನ್ನು ಕೇಳಿ, ಹೊರಗೆ ಬಂದ ಮೇಲೆ ಮರದ ಹಳೆಯ ಲಾಳಿಯೊಂದನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ಅದನ್ನು ತಿರುಗಿಸಿ, ತೂತನ್ನು ತುಟಿಗೆ ಹಿಡಿದು, ಉಸಿರು ಎಳೆದು ನೂಲು ಹೊರತೆಗೆಯುವುದನ್ನು ಮಾಡಿ ತೋರಿಸಿದ. ಅವರು ತಲೆ ಆಡಿಸಿದರು. ಇಲ್ಲಿನ ಹುಡುಗಿಯರೂ ಹಾಗೇ ಬಾಯಿಂದ ಎಳೆಯುತ್ತಿದ್ದರಂತೆ. ನೂಲಿನ ಜೊತೆ ಹತ್ತಿಯ ಧೂಳೂ, ಅದೇ ಲಾಳಿಗೆ ಬಾಯಿಟ್ಟವರ ಕ್ಷಯವೂ ಒಳಗೆ ಹೋಗುತ್ತಿತ್ತು.

"ಹುಡುಗ್ಯಾರಾ?" ಅಂದ ಅಪ್ಪ. ಅವನ ತಲೆಯಲ್ಲಿ ಮಿಲ್ ಅಂದರೆ ಗಂಡಸರ ಜಾಗ.

ನಾವು ಪಕ್ಕದ ಬೋರ್ಡಿಂಗ್ ಹೌಸ್‌ಗೆ, ಅಂದರೆ ಮಿಲ್ ಹುಡುಗಿಯರು ಉಂಡು ಮಲಗುತ್ತಿದ್ದ ವಸತಿಮನೆಗೆ, ಹೋದೆವು. ಅಲ್ಲಿನ ಉದ್ದನೆಯ ಊಟದ ಮೇಜಿನ ಬಳಿ ನಿಂತು, ನನಗೆ ಗೊತ್ತಿದ್ದಷ್ಟನ್ನು ಅಪ್ಪನ ಎಡಗಿವಿಗೆ ಹೇಳುತ್ತಾ ಹೋದೆ. ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಎಂಬ ಬಾಸ್ಟನ್ ವ್ಯಾಪಾರಿ 1810ರಿಂದ 1812ರವರೆಗೆ ಬ್ರಿಟನ್ನಿನಲ್ಲಿದ್ದಾಗ ಅಲ್ಲಿನ ಯಂತ್ರಮಗ್ಗಗಳನ್ನು ಕಣ್ಣಲ್ಲೇ ಅಳೆದು ನೆನಪಿಟ್ಟುಕೊಂಡು ಬಂದ. ಯಂತ್ರದ ನಕ್ಷೆಯನ್ನು ದೇಶದಿಂದ ಹೊರಗೆ ಒಯ್ಯಲು ಬ್ರಿಟಿಷರು ಬಿಡುತ್ತಿರಲಿಲ್ಲ. ಪಾಲ್ ಮೂಡಿ ಎಂಬ ಕುಶಲಿಯ ಜೊತೆ ಸೇರಿ ವಾಲ್ಥಮ್‌ನಲ್ಲಿ ಆ ಮಗ್ಗ ಕಟ್ಟಿಸಿದ. 1817ರಲ್ಲಿ ತೀರಿಕೊಂಡ. ಪಾಲುದಾರರು ಜಲಪಾತವಿದ್ದ ಈ ಜಾಗದಲ್ಲಿ ಕಾಲುವೆ ತೋಡಿ, ಮಿಲ್ ಸಾಲು ಕಟ್ಟಿ, ಊರಿಗೆ ಅವನ ಹೆಸರಿಟ್ಟರು.

ಕೆಲಸಕ್ಕೆ ಬಂದವರು ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮೇನ್ ಕಡೆಯ ರೈತರ ಹೆಣ್ಣುಮಕ್ಕಳು. ಹದಿನೈದು, ಇಪ್ಪತ್ತು, ಇಪ್ಪತ್ತೈದರ ವಯಸ್ಸು. ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು, ರಾತ್ರಿ ಹತ್ತಕ್ಕೆ ಬಾಗಿಲು ಬಂದ್. ದಿನಕ್ಕೆ ಹನ್ನೆರಡು ಹದಿಮೂರು ತಾಸಿನ ಕೆಲಸ.

1834ರ ಫೆಬ್ರವರಿಯಲ್ಲಿ ಕೂಲಿ ಕಡಿತದ ಸುದ್ದಿ ಬಂದಾಗ ಸುಮಾರು 800 ಹುಡುಗಿಯರು ಮಗ್ಗ ಬಿಟ್ಟು ಬೀದಿಗಿಳಿದರು. 1836ರ ಅಕ್ಟೋಬರಿನಲ್ಲಿ ಬೋರ್ಡಿಂಗ್ ಖರ್ಚು ಏರಿದಾಗ ಸಾವಿರಕ್ಕೂ ಮಿಕ್ಕಿ ಹೊರಬಂದರು. ಅವರು ಹೇಳಿದ್ದು ಏನೆಂದರೆ, ನಮ್ಮ ತಂದೆ ತಾತಂದಿರು ರಕ್ತ ಹರಿಸಿ ಬ್ರಿಟಿಷರ ದುರಾಸೆಯನ್ನು ತಡೆದರು, ಅವರ ಹೆಣ್ಣುಮಕ್ಕಳಾದ ನಾವು ಈ ನೊಗಕ್ಕೆ ಕೊರಳು ಕೊಡುವುದಿಲ್ಲ. ನನಗೆ ಇದು ಬರೀ ಘೋಷಣೆ ಅನ್ನಿಸುವುದಿಲ್ಲ. ಅವರ ಅಜ್ಜಿಯರ ಕಾಲದಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ 1767ರಲ್ಲಿ ಹೊಸ ಸುಂಕ ಹೇರಿದಾಗ, ನ್ಯೂ ಇಂಗ್ಲೆಂಡ್ ಎಂದು ಕರೆಯುವ ಈ ಸೀಮೆಯ ಹೆಂಗಸರು ಇಂಗ್ಲೆಂಡಿನ ಬಟ್ಟೆ ಬೇಡವೆಂದು ಗುಂಪುಗುಂಪಾಗಿ ಕೂತು ರಾಟೆ ತಿರುಗಿಸಿದ್ದರು. ನಮ್ಮಲ್ಲಿ ಖಾದಿ ಬರುವ ಒಂದೂವರೆ ಶತಮಾನ ಮೊದಲಿನ ಮಾತು. ಆ ಮನೆಗಳಲ್ಲಿ ಬೆಳೆದವರ ಮೊಮ್ಮಕ್ಕಳಿಗೆ ನೂಲಿಗೂ ಸ್ವಾತಂತ್ರ್ಯಕ್ಕೂ ಇರುವ ನಂಟನ್ನು ಯಾರೂ ಕಲಿಸಿಕೊಡಬೇಕಿರಲಿಲ್ಲ.

ಅಪ್ಪನಿಗೆ ನಾಟಿದ್ದು ಹ್ಯಾರಿಯೆಟ್ ಹ್ಯಾನ್ಸನ್ ಕಥೆ. 1836ರಲ್ಲಿ ಅವಳಿಗೆ ಹನ್ನೊಂದು ವರ್ಷ. ನೂಲು ತುಂಬಿದ ಕಂಡಿಕೆ ತೆಗೆದು ಖಾಲಿ ಕಂಡಿಕೆ ಹಾಕುವ ಕೆಲಸ. ಮುಷ್ಕರದ ದಿನ ಅವಳ ಮಹಡಿಯ ದೊಡ್ಡ ಹುಡುಗಿಯರು ಹೋಗೋಣವೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, ನೀವು ಬನ್ನಿ ಬಿಡಿ, ನಾನಂತೂ ಹೊರಟೆ ಎಂದು ಈ ಮಗು ನಡೆದೇಬಿಟ್ಟಿತು. ಹಿಂತಿರುಗಿ ನೋಡಿದರೆ ಸಾಲು ಸಾಲಾಗಿ ಎಲ್ಲರೂ ಹಿಂದೆ ಬರುತ್ತಿದ್ದರು. ಅವಳ ತಾಯಿ ವಿಧವೆ, ಮಿಲ್‌ನವರ ಬೋರ್ಡಿಂಗ್ ಹೌಸ್ ನಡೆಸುತ್ತಿದ್ದವಳು. ದೊಡ್ಡವರನ್ನು ತಡೆಯುವುದು ನಿನ್ನ ಕೈಲಿರಲಿಲ್ಲ, ನಿನ್ನ ಮಗಳನ್ನಾದರೂ ತಡೆಯಬಹುದಿತ್ತಲ್ಲ ಎಂದು ಹೇಳಿ ಆ ಕೆಲಸದಿಂದ ತೆಗೆದುಹಾಕಿದರು.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮವ್ವ ಊರೆಲ್ಲಾ ಕಂಡಿಕಿ ಸುತ್ತಾಕ ಹೋಗ್ತಿದ್ಲು, ನೆನಪೈತೇನು?" ಅಂದ. ನೆನಪಿತ್ತು. ನಾನಾಗ ಎರಡನೇ ಇಯತ್ತೆ. ಅವ್ವ ದಿನವೂ ಬೇರೆಯವರ ಮನೆಗೆ ಹೋಗಿ, ಸಂಜೆ ಬೆರಳಿಗೆ ಅರಿಸಿನ ಹಚ್ಚಿಕೊಂಡು ಕೂರುತ್ತಿದ್ದಳು. ಯಾಕೆಂದು ನಾನು ಕೇಳಿರಲಿಲ್ಲ. ಅಪ್ಪ ಹೇಳಿದ: "ಸೀರಿಗೆ ಐದು ರೂಪಾಯಿ ಮಜೂರಿ ಹೆಚ್ಚು ಕೊಡ್ರಿ ಅಂತ ನಾವು ಹನ್ನೊಂದು ಮಂದಿ ಮಗ್ಗ ನಿಂದ್ರಿಸಿದ್ವಿ. ಎಂಟು ಮಂದಿ ಮರುದಿನ ಒಳಗ ಹೋದ್ರು. ನಾ ಹೋಗಲಿಲ್ಲ. ಏಳು ತಿಂಗಳು ಯಾರೂ ಕೆಲಸ ಕೊಡಲಿಲ್ಲ ನೋಡು."

ಮೂವತ್ತು ವರ್ಷದ ನಂತರ, ಏಳು ಸಮುದ್ರ ದಾಟಿ ಬಂದು, ಇನ್ಯಾರದೋ ಊಟದ ಮೇಜಿನ ಮುಂದೆ ಇದು ನನಗೆ ಗೊತ್ತಾಯಿತು. ಅಪ್ಪನ ತೋಳು ಹಿಡಿದುಕೊಂಡೆ. ಅವನು ಅದನ್ನು ಅಲ್ಲಿಗೇ ಬಿಟ್ಟು, ಕಿಟಕಿಯ ಆಚೆಗಿನ ಮಿಲ್ ಗೋಡೆ ನೋಡುತ್ತಾ ಬೇರೆಯೇ ಒಂದು ಪ್ರಶ್ನೆ ಕೇಳಿದ.

"ಇಷ್ಟು ಮಗ್ಗಕ್ಕ ಹತ್ತಿ ಎಲ್ಲಿಂದ ಬರ್ತಿತ್ತು? ಹಾದಿಗುಂಟ ನೋಡಿಕೋತ ಬಂದೆ, ಒಂದು ಹತ್ತಿ ಹೊಲ ಇಲ್ಲ. ಈ ಥಂಡ್ಯಾಗ ಬೆಳಿಯೂದೂ ಇಲ್ಲ."

ಎಷ್ಟೋ ಓದಿಕೊಂಡು ಬಂದಿದ್ದ ನಾನು ಹುಡುಗಿಯರ ಕಥೆಯಲ್ಲೇ ಮುಳುಗಿದ್ದೆ. ನೇಕಾರನಿಗೆ ಮೊದಲು ಕಂಡದ್ದು ನೂಲು. ಹತ್ತಿ ಬರುತ್ತಿದ್ದುದು ದಕ್ಷಿಣದ ತೋಟಗಳಿಂದ. ಕೂಲಿಯಿಲ್ಲ, ಬಿಟ್ಟುಹೋಗುವ ಹಾಗಿಲ್ಲ, ಹೆತ್ತ ಮಕ್ಕಳನ್ನೂ ಮಾರಿಬಿಡುತ್ತಿದ್ದರು. ಅಂಥ ಕರಿಯ ಜನ ಬಿಡಿಸಿದ ಹತ್ತಿ ನ್ಯೂ ಆರ್ಲಿಯನ್ಸ್, ಸವಾನಾ, ಚಾರ್ಲ್ಸ್‌ಟನ್ ಬಂದರುಗಳಿಂದ ಹಡಗಿನಲ್ಲಿ ಬಾಸ್ಟನ್‌ಗೆ ಬಂದು, 1835ರಿಂದ ರೈಲಿನಲ್ಲಿ ಲೋವೆಲ್ ಸೇರುತ್ತಿತ್ತು. ಇಲ್ಲಿ ನೇಯ್ದ ಒರಟು ಬಟ್ಟೆಯ ಒಂದು ಪಾಲು ಅದೇ ತೋಟಗಳಿಗೆ, ಅದೇ ಜನರ ಮೈಗೆ ತಿರುಗಿ ಹೋಗುತ್ತಿತ್ತು. ಆ ಬಟ್ಟೆಯನ್ನು ಅವರು ಕರೆಯುತ್ತಿದ್ದುದೇ 'ಲೋವೆಲ್' ಎಂದು.

ನಾವು ಗುಲಾಮರಾಗುವುದಿಲ್ಲ ಎಂದು ಈ ಹುಡುಗಿಯರು ಬೀದಿಯಲ್ಲಿ ಹಾಡಿದ್ದರು ಅಂತಲೂ ಹೇಳಿದೆ.

"ತಮ್ಮ ಕೈಯಾಗಿನ ನೂಲು ಅವರು ನೋಡಿದ್ದಿಲ್ಲೇನು?" ಅಂದ ಅಪ್ಪ.

ಎಲ್ಲರೂ ನೋಡಲಿಲ್ಲ. ಕೆಲವರು ನೋಡಿದರು. ಗುಲಾಮಗಿರಿ ನಿಲ್ಲಿಸಿ ಎಂದು ವಾಷಿಂಗ್ಟನ್‌ಗೆ ಹೋದ ಮನವಿಗಳಲ್ಲಿ ಲೋವೆಲ್‌ನ ಹೆಂಗಸರ ಸಹಿಗಳಿದ್ದವು. ಅಂಥ ಮನವಿಗಳನ್ನು ಚರ್ಚೆಗೇ ಎತ್ತಿಕೊಳ್ಳಬಾರದು ಎಂದು ಪ್ರತಿನಿಧಿ ಸಭೆ 1836ರಲ್ಲಿ ನಿಯಮ ಮಾಡಿತು, ಅದು 1844ರವರೆಗೆ ಇತ್ತು. ಸಾರಾ ಬ್ಯಾಗ್ಲಿ ಎಂಬ ನೇಕಾರ್ತಿ ಮತ್ತು ಅವಳ ಜೊತೆಗಾರ್ತಿಯರು 1845ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಯ ಸಮಿತಿಯೆದುರು ನಿಂತು ಹತ್ತು ತಾಸಿನ ದಿನ ಕೇಳಿದರು. ಅದೂ ಸಿಗಲಿಲ್ಲ. ಮತ ಹಾಕುವ ಹಕ್ಕಿಲ್ಲದವರ ಸಹಿ ಮಡಚಿಡುವುದು ಸುಲಭವಾಗಿತ್ತು.

ಆ ಹತ್ತಿಯ ಎಳೆ ನಮ್ಮ ಸೀಮೆಗೂ ಬಂದಿದೆ. 1840ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ತೋಟಗಾರರನ್ನು ಸಂಬಳ ಕೊಟ್ಟು ಕರೆಸಿತು. ನ್ಯೂ ಆರ್ಲಿಯನ್ಸ್‌ನ ಬೀಜ ಬೇರೆ ಕಡೆ ಅಷ್ಟಾಗಿ ಒಗ್ಗಲಿಲ್ಲ, ಧಾರವಾಡದ ಎರೆಭೂಮಿಯಲ್ಲಿ ಊರಿಕೊಂಡಿತು. 'ಧಾರವಾಡ-ಅಮೆರಿಕನ್' ಎಂದೇ ಅದಕ್ಕೆ ಹೆಸರಾಯಿತು. 1861ರಲ್ಲಿ ಇಲ್ಲಿ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಹತ್ತಿ ನಿಂತಾಗ ನಮ್ಮ ಕಡೆ ಹತ್ತಿಯ ದರ ಗಗನಕ್ಕೇರಿತ್ತು. ಇದನ್ನು ಹೇಳಿದಾಗ ಅಪ್ಪ, "ಹಂಗಾರ ನಮ್ಮ ಮುತ್ಯಾನ ಮುತ್ಯಾ ಆ ಹತ್ತಿ ನೋಡಿರಬೇಕು," ಎಂದು ಬೆರಳು ಎಣಿಸಿದ.

ಹೊರಡುವಾಗ ಅಂಗಡಿಗೆ ಹೋದೆವು. ಆ ಮಗ್ಗದ ಮನೆಯಲ್ಲಿ ನೇಯ್ದ ಕೈವಸ್ತ್ರಗಳನ್ನು ಅಲ್ಲಿ ಮಾರುತ್ತಾರೆ. ಅಪ್ಪ ಒಂದನ್ನು ಬಿಚ್ಚಿ, ಬೆಳಕಿಗೆ ಹಿಡಿದು, ದಡಿಯ ಮೇಲೆ ಹೆಬ್ಬೆರಳಾಡಿಸಿದ. ಅವ್ವನಿಗೆ ಎರಡು ತಗೋ ಅಂದ. ನಾನು ದುಡ್ಡು ಕೊಡುತ್ತಿರುವಾಗ ಮೊಣಕೈ ತಿವಿದು, "ಈ ಹತ್ತಿ ಯಾವ ಊರಿಂದು, ಯಾರು ಬೆಳೆದಿದ್ದು ಕೇಳು," ಎಂದ.

ಕೇಳಿದೆ. ಗಲ್ಲೆಯ ಹಿಂದಿದ್ದ ಹುಡುಗಿ ಬಟ್ಟೆಯನ್ನು ತಿರುಗಿಸಿ ನೋಡಿದಳು. ಒಂದು ನಿಮಿಷ ಇರಿ, ವಿಚಾರಿಸಿಕೊಂಡು ಬರುತ್ತೇನೆ ಎಂದು ಒಳಗೆ ಹೋದಳು. ಅಪ್ಪ ಕೈವಸ್ತ್ರಗಳನ್ನು ನೀಟಾಗಿ ಮಡಚಿ ಎದೆಗೊತ್ತಿ ಹಿಡಿದುಕೊಂಡ. ನಾವು ಕಾಯುತ್ತಾ ನಿಂತೆವು.