ಮೇಷ್ಟ್ರೇ, ನಮ್ಮ ಮಕ್ಕಳಿಗೆ ಟ್ರಿಯೆಸ್ಟೆ ಏಕೆ?

ಚಿಕ್ಕಮಗಳೂರಿನಲ್ಲಿ ಪದವಿ ವಿದ್ಯಾರ್ಥಿಗಳಿಂದ ಪ್ರಾಜೆಕ್ಟ್ ಮಾಡಿಸುವುದು ನನ್ನ ಕೆಲಸ. ಇಟಲಿಯ ಟ್ರಿಯೆಸ್ಟೆ ನಗರದ ವಿದ್ಯಾರ್ಥಿಗಳ ಜೊತೆ ಸೇರಿ ನಮ್ಮವರು ಕಾಫಿ ತೋಟಗಳ ಅಧ್ಯಯನ ಮಾಡುತ್ತಿದ್ದಾರೆ ಎಂದ ಕೂಡಲೇ ಬೆಳೆಗಾರರು, ಪೋಷಕರು, ಸಹೋದ್ಯೋಗಿಗಳು ಎಲ್ಲರೂ ಕೇಳುವುದು ಒಂದೇ: "ಮೇಷ್ಟ್ರೇ, ಇಲ್ಲಿ ಆನೆ ಕಾಟ, ಕಾಂಡಕೊರಕದ ಕಾಟ, ಆಳುಗಳ ಕೊರತೆ. ಇದೆಲ್ಲ ಬಿಟ್ಟು ಆ ದೂರದ ಊರು ಏಕೆ?"

ದೂರವೇನೋ ನಿಜ. ಆದರೆ ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಟ್ರಿಯೆಸ್ಟೆ 1719ರಲ್ಲೇ ಮುಕ್ತ ಬಂದರಾಗಿ, ಕಾಫಿ ವ್ಯಾಪಾರದಿಂದ ಹೆಸರು ಮಾಡಿದ ಊರು. ಗಿಡದ ವಿಚಾರಕ್ಕೆ ನಮಗೆ 1925ರಿಂದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವಿದೆ. ಕಾಫಿ ಚೀಲ ಕ್ಯೂರಿಂಗ್ ವರ್ಕ್ಸ್ (ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ) ದಾಟಿದ ಮೇಲೆ ಏನಾಗುತ್ತದೆ ಎಂಬುದು ಮಾತ್ರ ತೋಟದಲ್ಲೇ ಹುಟ್ಟಿ ಬೆಳೆದ ಹುಡುಗನಿಗೂ ಗೊತ್ತಿರುವುದಿಲ್ಲ.

ಸದ್ಯ ನಮ್ಮ ಕೆಲಸವೆಲ್ಲ ಒಂದು ಕಾನೂನಿನ ಸುತ್ತ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ತನ್ನ ಮಾರುಕಟ್ಟೆಗೆ ಬಿಡುವುದಿಲ್ಲ ಎಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಜಾರಿಯ ದಿನಾಂಕ ಮುಂದೆ ಹೋಗಿದೆ, ಅದು ಬೇರೆ ಮಾತು. ಕಾಫಿ ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರ್ ಮೀರಿದರೆ ಸುತ್ತಿನ ಗಡಿಯನ್ನೇ ಗುರುತಿಸಬೇಕು. ಹೇಳುವುದು ಸುಲಭ. ಅತ್ತಿ, ಹಲಸು, ಸಿಲ್ವರ್ ಓಕ್‌ಗಳ ಕೆಳಗೆ ಮೊಬೈಲ್ ಹಿಡಿದು ನಿಂತರೆ ನಕ್ಷೆಯ ಮೇಲಿನ ನೀಲಿ ಚುಕ್ಕೆ ನಿಂತಲ್ಲಿ ನಿಲ್ಲುವುದಿಲ್ಲ. ಒಮ್ಮೆ ಹಳ್ಳದಾಚೆ, ಒಮ್ಮೆ ಪಕ್ಕದವರ ತೋಟ.

ಟ್ರಿಯೆಸ್ಟೆಯಿಂದ ಮೊದಲು ಬಂದ ನಮೂನೆಯಲ್ಲಿ 'ನೆರಳು ಶೇಕಡಾ ಎಷ್ಟು' ಎಂಬ ಕಾಲಂ ಇತ್ತು. ಮೂಡಿಗೆರೆ ಕಡೆಯ ಒಬ್ಬ ವಿದ್ಯಾರ್ಥಿನಿ ಅದನ್ನು ಖಾಲಿ ಬಿಟ್ಟು ಪಕ್ಕದಲ್ಲಿ ಬರೆದಳು: "ಮರಗಸಿಗೆ ಮೊದಲೋ, ಆಮೇಲೋ?" ಟ್ರಿಯೆಸ್ಟೆಯವರಿಗೆ ಮರಗಸಿ ಎಂದರೆ ನೆರಳಿನ ಮರಗಳ ಕೊಂಬೆ ಸವರುವುದು, ಮರ ಕಡಿಯುವುದಲ್ಲ ಎಂದು ವಿವರಿಸಬೇಕಾಯಿತು. ಕೊಂಬೆ ಸವರಿದ ತೋಟ ಮೇಲಿನಿಂದ ಬೋಳಾಗಿ ಕಾಣುತ್ತದೆ. ಸವರದ ತೋಟ ಕಾಡಿನಂತೆಯೇ ಕಾಣುತ್ತದೆ. ಉಪಗ್ರಹ ಚಿತ್ರ ನೋಡಿ ತೀರ್ಪು ಕೊಡುವವರಿಗೆ ಇದು ತಿಳಿದಿರಲೇಬೇಕು. ಈಗ ನಮ್ಮವರು ಯಾವ ತೋಟದಲ್ಲಿ ಯಾವ ವಾರ ಮರಗಸಿ ಆಯಿತೆಂದು ಬರೆದಿಡುತ್ತಾರೆ, ಅವರು ಅದೇ ವಾರಗಳ ಚಿತ್ರಗಳನ್ನು ತೆಗೆದು ನೋಡುತ್ತಾರೆ.

ನನ್ನ ಹಟ ಇಷ್ಟೇ. ಇಂಥ ಜಂಟಿ ಅಧ್ಯಯನಗಳಲ್ಲಿ ಪ್ರಶ್ನೆ ಅವರದು, ಬಿಸಿಲಲ್ಲಿ ಓಡಾಡಿ ನಮೂನೆ ತುಂಬುವ ಕೂಲಿ ನಮ್ಮದು ಎಂದಾಗಬಾರದು. ಒಬ್ಬೊಬ್ಬ ವಿದ್ಯಾರ್ಥಿಯೂ ಆ ಊರಿಗೆ ಒಂದು ಪ್ರಶ್ನೆ ಹಾಕಲೇಬೇಕು. ನಮ್ಮ ರೋಬಸ್ಟಾ ಕಾಫಿ ಅಲ್ಲಿ ಯಾವ ಮಿಶ್ರಣಕ್ಕೆ ಹೋಗುತ್ತದೆ? ಡಬ್ಬಿಯ ಮೇಲೆ ನಮ್ಮ ಜಿಲ್ಲೆಯ ಹೆಸರು ಇರುತ್ತದೆಯೇ? ದಾಖಲೆ ಒದಗಿಸುವ ಖರ್ಚು ಯಾರ ತಲೆಯ ಮೇಲೆ? ಕೊನೆಯದಕ್ಕೆ ಇನ್ನೂ ನೇರ ಉತ್ತರ ಬಂದಿಲ್ಲ, ನಾವೂ ಕೇಳುವುದನ್ನು ಬಿಟ್ಟಿಲ್ಲ.

"ಹಾಗಾದರೆ ಮಕ್ಕಳನ್ನು ಇಟಲಿಗೆ ಕಳಿಸುತ್ತೀರಾ?" ಇಲ್ಲ. ಮಾತುಕತೆಯೆಲ್ಲ ವಿಡಿಯೊ ಕರೆಯಲ್ಲಿ. ಕೊಯ್ಲಿನ ತಿಂಗಳುಗಳಲ್ಲಿ ಅರ್ಧ ತರಗತಿ ತೋಟದಲ್ಲೇ ಇರುತ್ತದೆ, ಆಗ ಅದೂ ಇಲ್ಲ.

ಬೆಳೆಗಾರರು ದನಿ ತಗ್ಗಿಸಿ ಕೇಳುವ ಇನ್ನೊಂದು ಪ್ರಶ್ನೆಯಿದೆ: ಈ ಅಳತೆ ಒತ್ತುವರಿ ಲೆಕ್ಕ ಹಾಕುವವರ ಕೈಗೆ ಸಿಕ್ಕರೆ? ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದ್ದರಿಂದ ಮಾಲೀಕರ ಹೆಸರು ಒಂದು ಕಡತದಲ್ಲಿ, ಜಾಗದ ಗುರುತು ಇನ್ನೊಂದರಲ್ಲಿ ಇರುತ್ತದೆ. ಬರವಣಿಗೆಯಲ್ಲಿ ಒಪ್ಪಿಗೆ ಕೊಡದವರ ತೋಟದ ಗುರುತು ಟ್ರಿಯೆಸ್ಟೆಗೂ ಹೋಗುವುದಿಲ್ಲ, ನನ್ನ ಕಂಪ್ಯೂಟರಿಗೂ ಬರುವುದಿಲ್ಲ.